ತೋನ್ಸೆ ಅನಂತ ಪೈ: ಬ್ಯಾಂಕಿನಿಂದ ಮಂತ್ರಿಮಂಡಲಕ್ಕೆ

ಕನ್ನಡನಾಡಿನ ಶಾಸನಗಳಲ್ಲಿ ವರ್ತಕನು ಹಣವನ್ನು ಕೂಡಿಸುವವನಾಗಿ ಮಾತ್ರವೇ ಕಾಣಿಸಿಕೊಳ್ಳುವುದಿಲ್ಲ. ಶಿವಮೊಗ್ಗ ಜಿಲ್ಲೆಯ ಹುಂಚದಲ್ಲಿ 1062ರಲ್ಲಿ ಜಿನಾಲಯವನ್ನು ಕಟ್ಟಿಸಿದ ನೊಕ್ಕಯ್ಯಸೆಟ್ಟಿಯು ವೀರಸಾಂತರನ ಕಾಲದ ಪಟ್ಟಣಸ್ವಾಮಿ. ಆತನ ಹೆಸರಿನಿಂದಲೇ ಆ ಬಸದಿಗೆ ಪಟ್ಟಣಸ್ವಾಮಿ ಜಿನಾಲಯವೆಂಬ ಹೆಸರುಂಟಾಯಿತು. ವಾಣಿಜ್ಯದಲ್ಲಿ ಗಳಿಸಿದ ವಿಶ್ವಾಸವು ಆಳಿಕೆಯ ಹೊಣೆಗೆ ಮೆಟ್ಟಿಲಾಗುವುದು ಈ ನಾಡಿಗೆ ಹೊಸತಲ್ಲವೆಂಬುದಕ್ಕೆ ಇದೊಂದು ನಿದರ್ಶನ. ಇಪ್ಪತ್ತನೆಯ ಶತಮಾನದಲ್ಲಿ ಅದೇ ದಾರಿಯನ್ನು ತುಳಿದವರ ಪೈಕಿ ತೋನ್ಸೆ ಅನಂತ ಪೈಯವರ ಚರಿತ್ರೆಯು ವಿಚಾರಾರ್ಹವಾದುದು. ವ್ಯವಹಾರದಲ್ಲಿ ಬೆಳೆದ ಗುಣಗಳಲ್ಲಿ ಯಾವುವು ರಾಜಕಾರಣದಲ್ಲಿ ಉಳಿದುವು, ಯಾವುವು ಅಲ್ಲಿ ಸಾಲದೆ ಹೋದುವು ಎಂಬ ಪ್ರಶ್ನೆಗೆ ಅವರ ಜೀವನವು ಉತ್ತರವನ್ನು ಕೊಡುತ್ತದೆ.

ಪೈಯವರ ಹಿನ್ನೆಲೆಯನ್ನು ತಿಳಿಯಬೇಕಾದರೆ ಸಹ್ಯಾದ್ರಿಯ ಎರಡು ಪಕ್ಕಗಳನ್ನೂ ನೋಡಬೇಕು. ಘಟ್ಟದ ಮೇಲೆ, ಭದ್ರಾವತಿಯಲ್ಲಿ, 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಯು ಕೆಲಸವನ್ನು ಆರಂಭಿಸಿತು. ಅಲ್ಲಿ ಬಂಡವಾಳವೂ ಸಂಕಲ್ಪವೂ ಸರಕಾರದ್ದು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯಾದರೋ ಆಗ ಮದರಾಸು ಆಧಿಪತ್ಯದ ಒಂದು ಮೂಲೆಯಾಗಿದ್ದಿತು. ಅಲ್ಲಿನ ಉದ್ಯಮಗಳನ್ನು ಪೋಷಿಸುವ ಅರಸರಾಗಲಿ ದಿವಾನರಾಗಲಿ ಇರಲಿಲ್ಲ. ಆದುದರಿಂದ ಆ ಜಿಲ್ಲೆಯ ಜನರು ತಮ್ಮ ಉಳಿತಾಯವನ್ನೇ ಬಂಡವಾಳವನ್ನಾಗಿ ಮಾಡಿಕೊಂಡರು. 1906ರಲ್ಲಿ ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಒಂದೊಂದು ಬ್ಯಾಂಕು ಹುಟ್ಟಿದುವು. 1924ರಲ್ಲಿ ಕರ್ಣಾಟಕ ಬ್ಯಾಂಕು ಸ್ಥಾಪಿತವಾಯಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಎಂಬ ಮೂವರು ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ತೆರೆದರು. ಕೆಲಸವಿಲ್ಲದೆ ಕಷ್ಟಪಡುತ್ತಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಬೇಕೆಂಬುದು ಅದರ ಮೊದಲ ಉದ್ದೇಶ. 1928ರಲ್ಲಿ ಈ ಸಂಸ್ಥೆಯು ಆರಂಭಿಸಿದ ಪಿಗ್ಮಿ ಠೇವಣಿಯ ಪದ್ಧತಿಯಂತೆ, ಬ್ಯಾಂಕಿನ ಪ್ರತಿನಿಧಿಯು ಪ್ರತಿದಿನವೂ ಮನೆಮನೆಗೂ ಅಂಗಡಿಗೂ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಲೆಕ್ಕಕ್ಕೆ ಸೇರಿಸುತ್ತಿದ್ದನು. ಬ್ಯಾಂಕಿನ ಬಾಗಿಲಿಗೆ ಬರಲು ಸಂಕೋಚಪಡುವವನ ಬಾಗಿಲಿಗೆ ಬ್ಯಾಂಕೇ ಹೋಗುವುದು ಇದರ ತತ್ತ್ವ.

ಈ ವಾತಾವರಣದಲ್ಲಿ ಅನಂತ ಪೈಯವರು 1922ನೆಯ ಇಸವಿ ಜನವರಿ 17ರಂದು ಜನಿಸಿದರು. ಉಪೇಂದ್ರ ಪೈಯವರು ತಂದೆ, ಟಿ. ಎಂ. ಎ. ಪೈಯವರು ಚಿಕ್ಕಪ್ಪ. ವಿದ್ಯಾಭ್ಯಾಸವನ್ನು ಮುಗಿಸಿ ಮನೆತನದ ಬ್ಯಾಂಕನ್ನು ಸೇರಿದ ಇವರು ಕ್ರಮವಾಗಿ ಅದರ ಮುಖ್ಯಸ್ಥರಾದರು. ಸಂಸ್ಥೆಯು ಸಿಂಡಿಕೇಟ್ ಬ್ಯಾಂಕೆಂಬ ಹೊಸ ಹೆಸರನ್ನು ಪಡೆದು ನಾಡಿನಾಚೆಗೂ ಹಬ್ಬಿದುದು 1960ರ ದಶಕದಲ್ಲಿ. ದೊಡ್ಡ ಬ್ಯಾಂಕುಗಳು ಪಟ್ಟಣದ ವ್ಯಾಪಾರಿಗಳಿಗೂ ಕಾರ್ಖಾನೆಗಳಿಗೂ ಸಾಲ ಕೊಡುವುದರಲ್ಲಿಯೇ ತೃಪ್ತಿಪಡುತ್ತಿದ್ದ ಆ ಕಾಲದಲ್ಲಿ, ಹಳ್ಳಿಯ ಶಾಖೆ, ರೈತನ ಸಾಲ, ಸಣ್ಣ ಕಸಬುದಾರನ ಸಾಲ ಇವುಗಳೂ ಬ್ಯಾಂಕಿಗೆ ತಕ್ಕ ವ್ಯವಹಾರವೇ ಎಂಬುದನ್ನು ಸಿಂಡಿಕೇಟ್ ಬ್ಯಾಂಕು ನಡೆಸಿ ತೋರಿಸಿತು. ಬಡವನ ಎರಡಾಣೆಯು ಠೇವಣಿಗೆ ಯೋಗ್ಯವಾದರೆ ಬಡವನ ಮಾತು ಸಾಲಕ್ಕೂ ಯೋಗ್ಯವೇ ಆಗಬೇಕಷ್ಟೆ.

ಈ ಕೀರ್ತಿಯೇ ಪೈಯವರನ್ನು ಸರಕಾರದ ಸಮೀಪಕ್ಕೆ ತಂದಿತು. ದೇಶದಲ್ಲಿ ಧಾನ್ಯದ ಅಭಾವವು ತೀವ್ರವಾಗಿದ್ದ 1965ರಲ್ಲಿ ಭಾರತದ ಆಹಾರ ನಿಗಮವು ಸ್ಥಾಪಿತವಾದಾಗ ಅವರು ಅದರ ಅಧ್ಯಕ್ಷರಾದರು. 1969ನೆಯ ಇಸವಿ ಜುಲೈ 19ರಂದು ಇಂದಿರಾ ಗಾಂಧಿಯವರ ಸರಕಾರವು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲಿ ಒಂದು. ತಂದೆಯೂ ಚಿಕ್ಕಪ್ಪನೂ ಕಟ್ಟಿದ ಸಂಸ್ಥೆಯು ಕೈಬಿಟ್ಟುಹೋದರೂ ಪೈಯವರು ಸರಕಾರದಿಂದ ದೂರ ಸರಿಯಲಿಲ್ಲ. ರಾಷ್ಟ್ರೀಕೃತ ಬ್ಯಾಂಕಿನ ಪಾಲಕರಾಗಿ ಮುಂದುವರಿದು, ಅನಂತರ ಜೀವವಿಮಾ ನಿಗಮದ ಅಧ್ಯಕ್ಷರಾದರು. ರಾಷ್ಟ್ರೀಕರಣವು ಸಾರಿದ ಗ್ರಾಮಮುಖವಾದ ಧ್ಯೇಯವು ಅವರ ಬ್ಯಾಂಕಿನಲ್ಲಿ ಆಗಲೇ ಆಚರಣೆಯಲ್ಲಿದ್ದುದನ್ನು ನೆನೆದರೆ ಈ ನಡೆಯು ಆಶ್ಚರ್ಯಕರವಾಗಿ ತೋರುವುದಿಲ್ಲ.

1972ರಲ್ಲಿ ಪೈಯವರು ರಾಜ್ಯಸಭೆಯ ಸದಸ್ಯರಾದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಕೇಂದ್ರದ ರೈಲ್ವೆ ಮಂತ್ರಿಪದವು ದೊರೆಯಿತು. 1973ರಲ್ಲಿ ಭಾರಿ ಕೈಗಾರಿಕೆಯ ಖಾತೆಯೂ, 1974ರಿಂದ ಕೈಗಾರಿಕೆ ಮತ್ತು ನಾಗರಿಕ ಸರಬರಾಜು ಖಾತೆಯೂ ಅವರ ವಶಕ್ಕೆ ಬಂದುವು. ಜನರ ಮತವನ್ನು ಬೇಡಿ ಏರಿದ ಪದವಿಗಳಲ್ಲ ಇವು. ಕಾರ್ಯದಕ್ಷತೆಯನ್ನು ಮೆಚ್ಚಿ ಪ್ರಧಾನಮಂತ್ರಿಗಳು ಕರೆದು ಕೊಟ್ಟವು. ಅವರ ಬಲವೂ ಅದರಲ್ಲಿಯೇ ಇದ್ದಿತು. ದೌರ್ಬಲ್ಯವೂ ಅದರಲ್ಲಿಯೇ ಇದ್ದಿತು.

ಇದು ವ್ಯಕ್ತವಾದುದು 1975ರಲ್ಲಿ. ಪ್ರಧಾನಮಂತ್ರಿಗಳ ಪುತ್ರ ಸಂಜಯ ಗಾಂಧಿಯವರ ಮಾರುತಿ ಕಾರಿನ ಕಂಪೆನಿಯ ಯಂತ್ರಗಳ ವಿಷಯವಾಗಿ ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳು ಬಂದುವು. ಉತ್ತರಕ್ಕೆ ಬೇಕಾದ ಮಾಹಿತಿಯನ್ನು ಸಂಗ್ರಹಿಸುವುದರಲ್ಲಿ ತೊಡಗಿದ್ದ ನಾಲ್ವರು ಅಧಿಕಾರಿಗಳ ಮೇಲೆ ಕೇಂದ್ರ ತನಿಖಾ ದಳವು ಮೊಕದ್ದಮೆಗಳನ್ನು ಹೂಡಿತು. ಅವರ ಮನೆಗಳ ಶೋಧನೆಯೂ ನಡೆಯಿತು. ತುರ್ತುಪರಿಸ್ಥಿತಿಯು ಮುಗಿದ ಮೇಲೆ, 1977ರಲ್ಲಿ ನೇಮಕವಾದ ನ್ಯಾಯಮೂರ್ತಿ ಶಾ ಆಯೋಗದ ಮುಂದೆ ಪೈಯವರು ಸಾಕ್ಷ್ಯವನ್ನು ನುಡಿದರು. ಪ್ರಧಾನಮಂತ್ರಿಗಳು ತಮ್ಮನ್ನು ಕರೆಸಿ ಈ ಅಧಿಕಾರಿಗಳ ವಿಷಯದಲ್ಲಿ ಕ್ರೋಧವನ್ನು ತೋರಿದುದನ್ನು ಅಲ್ಲಿ ತಿಳಿಸಿದರು. ಈ ಪ್ರಕರಣದಲ್ಲಿ ಇಂದಿರಾ ಗಾಂಧಿಯವರು ಅಧಿಕಾರವನ್ನು ದುರುಪಯೋಗಪಡಿಸಿದರೆಂದು ಆಯೋಗವು ನಿರ್ಣಯಿಸಿತು.

ಇಲ್ಲಿ ಚರಿತ್ರಕಾರನು ಎರಡು ಸಂಗತಿಗಳನ್ನೂ ತೂಗಬೇಕಾಗುತ್ತದೆ. ತಮ್ಮ ಇಲಾಖೆಯ ಕೆಲಸವನ್ನು ಮಾಡಿದುದಕ್ಕಾಗಿ ಜನರು ಕಷ್ಟಕ್ಕೆ ಗುರಿಯಾದಾಗ ಪೈಯವರು ಮಂತ್ರಿಪದವನ್ನು ಬಿಡಲಿಲ್ಲ. 1977ರವರೆಗೂ ಅದರಲ್ಲಿಯೇ ಇದ್ದರು. ಆದರೆ ಅದೇ ಪಕ್ಷದಲ್ಲಿ ಅನೇಕರು ಮೌನವನ್ನೋ ಮರೆವನ್ನೋ ಆಶ್ರಯಿಸಿದ್ದಾಗ, ತಮ್ಮನ್ನು ಮೇಲಕ್ಕೆ ತಂದವರಿಗೆ ಪ್ರತಿಕೂಲವಾದ ಸತ್ಯವನ್ನು ಪ್ರಮಾಣಪೂರ್ವಕವಾಗಿ ಹೇಳಿದರು. ಮೊದಲನೆಯದನ್ನು ಮರೆತು ಎರಡನೆಯದನ್ನು ಹೊಗಳುವುದು ಪಕ್ಷಪಾತ. ಎರಡನೆಯದನ್ನು ಮರೆತು ಮೊದಲನೆಯದನ್ನು ಹಳಿಯುವುದೂ ಪಕ್ಷಪಾತವೇ.

1977ರ ಚುನಾವಣೆಯಲ್ಲಿ ಉತ್ತರಭಾರತದಲ್ಲಿ ಕಾಂಗ್ರೆಸ್ಸು ನೆಲಕಚ್ಚಿದರೂ ಕರ್ಣಾಟಕದಲ್ಲಿ 28 ಸ್ಥಾನಗಳಲ್ಲಿ 26ನ್ನು ಗೆದ್ದಿತು. ಪೈಯವರು ಉಡುಪಿಯಿಂದ ಲೋಕಸಭೆಗೆ ಆರಿಸಿಬಂದರು. ಪಕ್ಷವು ಒಡೆದಾಗ ಇಂದಿರಾ ಗಾಂಧಿಯವರಿಂದ ಬೇರೆಯಾದ ಪಂಗಡದಲ್ಲಿ ನಿಂತು, 1979ರ ಜುಲೈ ತಿಂಗಳಲ್ಲಿ ಚರಣಸಿಂಗರ ಮಂತ್ರಿಮಂಡಲದಲ್ಲಿ ಎರಡನೆಯ ಬಾರಿ ರೈಲ್ವೆ ಮಂತ್ರಿಗಳಾದರು. ಆ ಸರಕಾರವು 1980ರ ಜನವರಿಯಲ್ಲಿ ಮುಗಿಯಿತು. ಆ ಚುನಾವಣೆಯಲ್ಲಿ ಉಡುಪಿಯ ಸ್ಥಾನವು ಇಂದಿರಾ ಕಾಂಗ್ರೆಸ್ಸಿನ ಆಸ್ಕರ್ ಫೆರ್ನಾಂಡಿಸರದಾಯಿತು. ಅದೇ ವರ್ಷ ಮಣಿಪಾಲದಲ್ಲಿ, ಈಗ ಪೈಯವರ ಹೆಸರನ್ನೇ ಹೊತ್ತಿರುವ ವ್ಯವಸ್ಥಾಪನಶಾಸ್ತ್ರದ ವಿದ್ಯಾಸಂಸ್ಥೆಯು ಪ್ರಾರಂಭವಾಯಿತು. 1981ನೆಯ ಇಸವಿ ಮೇ 29ರಂದು, ಅರುವತ್ತು ತುಂಬುವ ಮೊದಲೇ, ಪೈಯವರು ಕಾಲವಾದರು.

ಒಟ್ಟಿನಲ್ಲಿ ನೋಡಿದರೆ, ಪೈಯವರು ರಾಜಕಾರಣಕ್ಕೆ ತಂದುದು ಬ್ಯಾಂಕಿನಲ್ಲಿ ಕಲಿತ ಲೆಕ್ಕದ ಶುದ್ಧಿ, ಸಣ್ಣವನಲ್ಲಿ ನಂಬಿಕೆ ಎಂಬ ಎರಡು ಗುಣಗಳನ್ನು. ಪಿಗ್ಮಿ ಠೇವಣಿದಾರನಿಗೆ ತನ್ನ ಹಣದ ಲೆಕ್ಕವನ್ನು ಕೇಳುವ ಹಕ್ಕಿದ್ದಂತೆ ಪಾರ್ಲಿಮೆಂಟಿಗೂ ಸರಕಾರದ ಲೆಕ್ಕವನ್ನು ಕೇಳುವ ಹಕ್ಕಿದೆ. ಆ ಹಕ್ಕಿಗೆ ಉತ್ತರವನ್ನು ಒದಗಿಸಹೊರಟಾಗಲೇ ಅವರ ಇಲಾಖೆಗೆ ಪೆಟ್ಟು ಬಿದ್ದಿತು. ಸಿಂಡಿಕೇಟ್ ಬ್ಯಾಂಕೆಂಬ ಹೆಸರು 2020ನೆಯ ಇಸವಿ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಆದರೂ ಬೀದಿಯ ಅಂಗಡಿಯಿಂದ ಅಂಗಡಿಗೆ ಹೋಗಿ ದಿನದ ಉಳಿತಾಯವನ್ನು ಪಡೆಯುವವನನ್ನು ‘ಪಿಗ್ಮಿಯವನು’ ಎಂದು ಕರೆಯುವ ರೂಢಿಯು ಕನ್ನಡದಲ್ಲಿ ನಿಂತಿದೆ. ಮಂತ್ರಿಪದಗಳಿಗಿಂತ ಈ ರೂಢಿಯೇ ಹೆಚ್ಚು ಕಾಲ ಬಾಳಿತೆಂಬುದು ಪೈಯವರ ಮನೆತನಕ್ಕೆ ಸಲ್ಲಬೇಕಾದ ಗೌರವ.