ಚಿತ್ರ ಓದೋಣ, ಭಾಗ 5: ಬಚ್ಚಲುಮನೆಯಲ್ಲಿ ಬಿದ್ದ ಸಹಿ

1️⃣
ಗೆಳೆಯರೇ, ಮೊದಲು ಚಿತ್ರವನ್ನ ಹತ್ತು ಸೆಕೆಂಡ್ ಸುಮ್ಮನೆ ನೋಡಿ. ಆಮೇಲೆ ಕ್ಯಾಪ್ಷನ್ ಓದಿ.

ಒಬ್ಬರು ಬಾತ್‌ಟಬ್‌ನಲ್ಲಿ ಕೂತಿದ್ದಾರೆ. ಮೈಮೇಲೆ ಬಟ್ಟೆ ಇಲ್ಲ. ಅರ್ಧ ತೆರೆದ ಬಾಗಿಲಿನಿಂದ ಒಂದು ಕೈ ಒಳಗೆ ಬಂದಿದೆ. ಆ ಕೈಗೆ ಇವರು ಸಹಿ ಹಾಕಿದ ಕಾಗದ, ಪೆನ್ನು ವಾಪಸ್ ಕೊಡ್ತಿದ್ದಾರೆ. ಜೊತೆಗೆ ಒಂದು ಮಾತು: ಇನ್ನೂ ಸುಗ್ರೀವಾಜ್ಞೆಗಳಿದ್ದರೆ ಸ್ವಲ್ಪ ಕಾಯೋಕೆ ಹೇಳಿ.

ಟಬ್‌ನಲ್ಲಿರೋದು ಭಾರತದ ಐದನೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್. ಬರೆದವರು ಅಬು ಅಬ್ರಹಾಂ. ಅಚ್ಚಾಗಿದ್ದು ‘ಇಂಡಿಯನ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ, 1975ರ ಡಿಸೆಂಬರ್ 10ರಂದು. ಅಂದ್ರೆ ತುರ್ತು ಪರಿಸ್ಥಿತಿಯ ನಟ್ಟನಡುವೆ.

ನೋಡಿದ ತಕ್ಷಣ ನಗು ಬರುತ್ತೆ. ಆದ್ರೆ ಯಾಕೆ ನಕ್ಕೆವು ಅಂತ ಕೇಳಿಕೊಂಡಾಗಲೇ ಇತಿಹಾಸ ಶುರುವಾಗೋದು.

2️⃣ ತಾರೀಖು ನೋಡಿ
ವ್ಯಂಗ್ಯಚಿತ್ರ ಸಿಕ್ಕಿದಾಗ ಮೊದಲು ಹುಡುಕಬೇಕಾದ್ದು ತಾರೀಖು.

1975ರ ಜೂನ್ 25ರ ರಾತ್ರಿ ರಾಷ್ಟ್ರಪತಿಗಳು ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಕೇಳಿದ್ದು ಪ್ರಧಾನಿ ಇಂದಿರಾ ಗಾಂಧಿ. ಸಚಿವ ಸಂಪುಟ ಆ ರಾತ್ರಿ ಸೇರಲೇ ಇಲ್ಲ. ಮಾರನೇ ದಿನ ಬೆಳಗ್ಗೆ ಸೇರಿ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಬಂಧನಗಳು ಶುರುವಾಗಿದ್ದವು. ಸಂಸದೀಯ ಸಮಿತಿ ಸಭೆಗೆ ಅಂತ ನಮ್ಮ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಅವರನ್ನೂ 26ರಂದು ಇಲ್ಲೇ ಬಂಧಿಸಿದರು.

ಈಗ ಚಿತ್ರಕ್ಕೆ ಇನ್ನೂ ಹತ್ತಿರದ ತಾರೀಖು: 1975ರ ಡಿಸೆಂಬರ್ 8. ಆ ದಿನ ಪತ್ರಿಕೆಗಳಿಗೆ ಸಂಬಂಧಪಟ್ಟ ಮೂರು ಸುಗ್ರೀವಾಜ್ಞೆ ಹೊರಬಿದ್ದವು. ಒಂದು, ‘ಆಕ್ಷೇಪಾರ್ಹ’ ವಿಷಯ ಅಚ್ಚು ಮಾಡದಂತೆ ತಡೆಯೋದಕ್ಕೆ. ಇನ್ನೊಂದು, ಪ್ರೆಸ್ ಕೌನ್ಸಿಲನ್ನೇ ರದ್ದು ಮಾಡೋದಕ್ಕೆ. ಮತ್ತೊಂದು, ಸಂಸತ್ತಿನ ಕಲಾಪ ವರದಿ ಮಾಡುವ ಪತ್ರಿಕೆಗಳಿಗೆ 1956ರಿಂದ ಇದ್ದ ರಕ್ಷಣೆ ತೆಗೆದುಹಾಕೋದಕ್ಕೆ.

ಎರಡೇ ದಿನಕ್ಕೆ ಈ ಚಿತ್ರ ಬಂತು. ಪತ್ರಿಕೆಯ ಬಾಯಿ ಕಟ್ಟೋ ಕಾಗದಗಳಿಗೆ ಸಹಿ ಬಿದ್ದ ಎರಡನೇ ದಿನ, ಪತ್ರಿಕೆಯಲ್ಲೇ ಸಹಿಯ ಬಗ್ಗೆ ಚಿತ್ರ! 😶

3️⃣ ಜಾಗ ನೋಡಿ
ಸಹಿ ಎಲ್ಲಿ ಬೀಳಬೇಕು? ಮೇಜಿನ ಮುಂದೆ ಕೂತು, ಓದಿ, ಅನುಮಾನ ಇದ್ದರೆ ಕೇಳಿ, ಆಮೇಲೆ. ಅಬು ಮೇಜು, ಕುರ್ಚಿ, ಧ್ವಜ ಎಲ್ಲವನ್ನೂ ತೆಗೆದುಹಾಕಿ ಬಚ್ಚಲುಮನೆ ಇಟ್ಟರು.

ಬಚ್ಚಲು ಅಂದ್ರೆ ಮನುಷ್ಯನಿಗೆ ಉಳಿದಿರೋ ಕೊನೆಯ ಖಾಸಗಿ ಜಾಗ. ಅಲ್ಲಿಗೂ ಕಡತ ಬಂದಿದೆ. ಸ್ನಾನ ಮುಗಿಯೋವರೆಗೂ ತಡೆಯೋ ವ್ಯವಧಾನ ಹೊರಗಿನವರಿಗಿಲ್ಲ. ಒದ್ದೆ ಕೈಯಲ್ಲಿ, ಅಂಥ ಹೊತ್ತಲ್ಲಿ ಯಾರು ಕಾಗದವನ್ನ ಪೂರ್ತಿ ಓದ್ತಾರೆ ಹೇಳಿ? ‘ಓದದೇ ಸಹಿ ಮಾಡಿದರು’ ಅಂತ ಎಲ್ಲೂ ಬರೆದಿಲ್ಲ. ಜಾಗವೇ ಅದನ್ನ ಹೇಳುತ್ತೆ.

4️⃣ ಬಟ್ಟೆ ನೋಡಿ
ದೇಶದ ಅತ್ಯುನ್ನತ ಹುದ್ದೆಯಲ್ಲಿರೋರಿಗೆ ಶೇರ್ವಾನಿ ಇಲ್ಲ, ಟೋಪಿ ಇಲ್ಲ. ಹುದ್ದೆಯ ಗತ್ತು ಕಳಚಿಬಿದ್ದಿದೆ, ಸಹಿ ಮಾಡೋ ಕೈ ಮಾತ್ರ ಉಳಿದಿದೆ. ‘ರಬ್ಬರ್ ಸ್ಟಾಂಪ್’ ಅನ್ನೋ ಪದ ಚಿತ್ರದಲ್ಲಿಲ್ಲ, ಆದ್ರೆ ನಮ್ಮ ತಲೆಗೆ ಬರೋದು ಅದೇ ಪದ.

5️⃣ ಇಲ್ಲದ್ದನ್ನ ನೋಡಿ
ನನಗೆ ಇದು ಮುಖ್ಯ ಅನ್ಸುತ್ತೆ. ಬಾಗಿಲಾಚೆ ಇರೋರು ಯಾರು? ಕಾಣಲ್ಲ. ಇಡೀ ಅಧಿಕಾರ ಒಂದು ಕೈಯಾಗಿ ಒಳಗೆ ಚಾಚಿದೆ.

ಬಹಳ ಜನ ಇದನ್ನ ರಾಷ್ಟ್ರಪತಿಗಳನ್ನ ಗೇಲಿ ಮಾಡಿದ ಚಿತ್ರ ಅಂತಷ್ಟೇ ಓದ್ತಾರೆ. ಅದು ಅರ್ಧ ಸತ್ಯ. ಟಬ್‌ನಲ್ಲಿರೋ ವ್ಯಕ್ತಿ ಪೂರ್ತಿ ಬೆತ್ತಲಾಗಿ ನಮ್ಮ ಕಣ್ಣಿಗೆ ಬೀಳ್ತಾರೆ. ಕಾಗದ ಕಳಿಸಿದವರು ಬಾಗಿಲ ಮರೆಯಲ್ಲಿ ಸುರಕ್ಷಿತವಾಗಿದ್ದಾರೆ. ಹೆಸರು ಒಬ್ಬರದ್ದು, ತೀರ್ಮಾನ ಇನ್ನೊಬ್ಬರದ್ದು. ಹಾಗಾಗಿ ಈ ಚಿತ್ರದ ಗುರಿ ಒಳಗಿನ ಮನುಷ್ಯನಷ್ಟೇ ಬಾಗಿಲಾಚೆಯ ಕೈ ಕೂಡ.

6️⃣ ಮಾತು ಕೇಳಿ
ರಾಷ್ಟ್ರಪತಿ ಇಲ್ಲಿ ‘ಆಗಲ್ಲ’ ಅನ್ನಲ್ಲ. ‘ಯಾಕೆ?’ ಅಂತಲೂ ಕೇಳಲ್ಲ. ‘ಕಾಯೋಕೆ ಹೇಳಿ’ ಅಂತಾರೆ ಅಷ್ಟೇ. ‘ಇನ್ನೂ ಇದ್ದರೆ’ ಅನ್ನೋ ಮಾತಲ್ಲಿ ಸಾಲು ಎಷ್ಟು ಉದ್ದ ಇದೆ ಅನ್ನೋದೂ ಗೊತ್ತಾಗುತ್ತೆ.

ಸಂವಿಧಾನದ 123ನೇ ವಿಧಿ ಏನ್ ಹೇಳುತ್ತೆ? ಸಂಸತ್ತು ಸೇರಿಲ್ಲದಾಗ ತಕ್ಷಣ ಕ್ರಮ ಬೇಕು ಅಂತ ರಾಷ್ಟ್ರಪತಿಗೆ ಮನವರಿಕೆಯಾದರೆ ಸುಗ್ರೀವಾಜ್ಞೆ ಹೊರಡಿಸಬಹುದು. 1975ರ ಆಗಸ್ಟ್‌ನಲ್ಲಿ ಬಂದ 38ನೇ ತಿದ್ದುಪಡಿ, ಆ ಮನವರಿಕೆಯನ್ನ ಯಾವ ಕೋರ್ಟೂ ಪ್ರಶ್ನಿಸೋ ಹಾಗಿಲ್ಲ ಅಂತ ಮಾಡಿತು. ಅಂದ್ರೆ ಕಾಗದದ ಮೇಲೆ ರಾಷ್ಟ್ರಪತಿಗಳ ಮನವರಿಕೆಯೇ ಅಂತಿಮ. ಚಿತ್ರದಲ್ಲಿ? ಅವರಿಗೆ ಸ್ನಾನ ಮುಗಿಸೋಕೂ ಪುರುಸೊತ್ತಿಲ್ಲ. ಕಾನೂನಿಗೂ ವಾಸ್ತವಕ್ಕೂ ನಡುವಿನ ಈ ಅಂತರವೇ ಅಬು ಅವರ ಜೋಕ್.

7️⃣ ಹಾಗಾದ್ರೆ ಇದು ಸಾಕ್ಷಿನಾ?
ಪರೀಕ್ಷೇಲಿ ದಯವಿಟ್ಟು ‘ರಾಷ್ಟ್ರಪತಿಗಳು ಸ್ನಾನ ಮಾಡ್ತಾ ಸಹಿ ಹಾಕಿದರು’ ಅಂತ ಬರೀಬೇಡ್ರಪ್ಪಾ 🙏 ವ್ಯಂಗ್ಯಚಿತ್ರ ಘಟನೆಗೆ ಸಾಕ್ಷಿ ಅಲ್ಲ, ಆ ಕಾಲದ ಒಂದು ಅಭಿಪ್ರಾಯಕ್ಕೆ ಸಾಕ್ಷಿ.

ಆಗ ಬರೆದವರು ಯಾರು ಅನ್ನೋದೂ ಮುಖ್ಯ ಆಗುತ್ತೆ. ಅಬು ಕೇರಳದವರು. ಲಂಡನ್ನಿನ ‘ಅಬ್ಸರ್ವರ್’, ‘ಗಾರ್ಡಿಯನ್’ ಪತ್ರಿಕೆಗಳಿಗೆ ಚಿತ್ರ ಬರೆದು 1969ರಲ್ಲಿ ಭಾರತಕ್ಕೆ ಬಂದವರು. 1972ರಿಂದ 1978ರವರೆಗೆ ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರೂ ಆಗಿದ್ದರು. ರಾಷ್ಟ್ರಪತಿಯ ಹೆಸರಲ್ಲೇ ಸಿಗೋ ಸ್ಥಾನ ಅದು! ಸಂಸತ್ತಿನ ಒಳಗಿದ್ದೇ ಈ ಚಿತ್ರ ಬರೆದರು.

ಇನ್ನೊಂದು ಕಡೆಯನ್ನೂ ನೋಡಬೇಕು. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೀಬೇಕು ಅನ್ನೋದು ನಮ್ಮ ವ್ಯವಸ್ಥೆ. ಅವರು ತಮ್ಮಿಷ್ಟದಂತೆ ನಡೆದರೆ ಅದೂ ಅಪಾಯವೇ. ಆದ್ರೆ ಜೂನ್ 25ರ ರಾತ್ರಿ ಸಂಪುಟ ಸಲಹೆ ಕೊಟ್ಟಿರಲಿಲ್ಲ. ‘ಸಂಪುಟ ಸೇರಲಿ, ಆಮೇಲೆ ನೋಡೋಣ’ ಅನ್ನೋಕೆ ಅವಕಾಶ ಇತ್ತಲ್ವಾ?

ತುರ್ತು ಪರಿಸ್ಥಿತಿ 1977ರ ಮಾರ್ಚ್‌ನಲ್ಲಿ ಮುಗೀತು. ಅದಕ್ಕೂ ಮುಂಚೆ ಫೆಬ್ರವರಿ 11ರಂದು ಅಹ್ಮದ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರು. 1978ರ 44ನೇ ತಿದ್ದುಪಡಿ ಎರಡು ವಿಷಯ ಸೇರಿಸಿತು: ಸಂಪುಟದ ತೀರ್ಮಾನ ಲಿಖಿತವಾಗಿ ಬರದೇ ತುರ್ತು ಪರಿಸ್ಥಿತಿ ಘೋಷಿಸೋ ಹಾಗಿಲ್ಲ, ಮಂತ್ರಿಮಂಡಲದ ಸಲಹೆಯನ್ನ ರಾಷ್ಟ್ರಪತಿ ಒಂದು ಸಲ ಮರುಪರಿಶೀಲನೆಗೆ ವಾಪಸ್ ಕಳಿಸಬಹುದು. ಟಬ್‌ನಿಂದ ಬಂದ ‘ಕಾಯೋಕೆ ಹೇಳಿ’ ಅನ್ನೋ ಮಾತಿಗೆ ಮೂರು ವರ್ಷದಲ್ಲಿ ಸಂವಿಧಾನದಲ್ಲೇ ಜಾಗ ಸಿಕ್ಕಿತು.

📌 ಸೇವ್ ಮಾಡ್ಕೊಳ್ಳಿ: ತಾರೀಖು, ಜಾಗ, ಬಟ್ಟೆ, ಇಲ್ಲದ್ದು, ಮಾತು, ಬರೆದವರು. ಯಾವ ವ್ಯಂಗ್ಯಚಿತ್ರ ಬಂದರೂ ಈ ಆರನ್ನ ಕೇಳಿ.

ಕಾಮೆಂಟಲ್ಲಿ ಹೇಳಿ: ನಿಮ್ಮ ಪ್ರಕಾರ ಈ ಚಿತ್ರದಲ್ಲಿ ತಪ್ಪಿತಸ್ಥ ಯಾರು, ಟಬ್‌ನಲ್ಲಿರೋರಾ, ಬಾಗಿಲಾಚೆ ಇರೋರಾ? ಒಂದು ಕಾರಣ ಕೊಡಲೇಬೇಕು 😄

ಮುಂದಿನ ಭಾಗ: 1939ರಲ್ಲಿ ಹಿಟ್ಲರ್, ಸ್ಟಾಲಿನ್ ಇಬ್ಬರಿಂದಲೂ ಟೋಪಿ ತೆಗೆಸಿ ನಮಸ್ಕಾರ ಮಾಡಿಸಿದ ಡೇವಿಡ್ ಲೋ.

#ಚಿತ್ರಓದೋಣ #ಇತಿಹಾಸ #ತುರ್ತುಪರಿಸ್ಥಿತಿ #ವ್ಯಂಗ್ಯಚಿತ್ರ