ಪದಕ ಯಾರಿಗೆ?



ವಾರ್ಷಿಕೋತ್ಸವದಂದು ವೇದಿಕೆಯೇರಿ ಪದಕ ಪಡೆಯುವವರನ್ನು ಕಂಡು ನೀವು ಚಪ್ಪಾಳೆ ತಟ್ಟುತ್ತೀರಿ. ಆ ಪದಕದ ಹಿಂದೆ ದುಡಿದ ಬೇರೆ ಕೈಗಳೂ ಇರಬಹುದೆಂದು ಎಂದಾದರೂ ಯೋಚಿಸಿದ್ದೀರಾ? ಉತ್ತರ ಧ್ರುವದ ಅನ್ವೇಷಣೆಯ ಇತಿಹಾಸ ಇದೇ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ರಾಬರ್ಟ್ ಪಿಯರಿ (1856-1920) ಅಮೆರಿಕದ ನೌಕಾಪಡೆಯ ಇಂಜಿನಿಯರ್ ಅಧಿಕಾರಿ. ಹಿಮದ ಕೊರೆತಕ್ಕೆ ಕಾಲ್ಬೆರಳುಗಳನ್ನು ಕಳೆದುಕೊಂಡರೂ ಅವರು ಛಲ ಬಿಡಲಿಲ್ಲ. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಸೊಸೈಟಿಯ ಮೊದಲ ಹಬ್ಬರ್ಡ್ ಪದಕವನ್ನು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೇ ಪಿಯರಿಗೆ ನೀಡಿದರು. 1909ರ ಏಪ್ರಿಲ್ 6ರಂದು ಉತ್ತರ ಧ್ರುವವನ್ನು ತಲುಪಿದೆನೆಂದು ಪಿಯರಿ ಸಾರಿದರು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1910ರಲ್ಲಿ ವಿಶೇಷ ಚಿನ್ನದ ಪದಕ ನೀಡಿತು. 1911ರಲ್ಲಿ ರಿಯರ್ ಅಡ್ಮಿರಲ್ ಪದವಿಯೂ ದೊರೆಯಿತು.

ಆದರೆ ಪಿಯರಿ ಅಂದು ಒಬ್ಬರೇ ಇರಲಿಲ್ಲ. ಕಪ್ಪುವರ್ಣೀಯರಾದ ಮ್ಯಾಥ್ಯೂ ಹೆನ್ಸನ್ ಹಾಗೂ ಊಟಾಹ್, ಎಗಿಂಗ್ವಾ, ಸೀಗ್ಲೂ, ಊಕಿಯಾ ಎಂಬ ನಾಲ್ವರು ಇನ್ಯೂಟ್ ಜನ ಕೊನೆಯವರೆಗೂ ಜೊತೆಗಿದ್ದರು. ಹೆನ್ಸನ್ ಇನ್ಯೂಟರ ಭಾಷೆಯನ್ನು ಕಲಿತು ಅವರ ಮನ ಗೆದ್ದವರು. ಸ್ಲೆಡ್ಜ್ ಬಂಡಿ ಕಟ್ಟುವುದು, ಅದನ್ನೆಳೆಯುವ ನಾಯಿಗಳನ್ನು ನಡೆಸುವುದು ಎಲ್ಲದರಲ್ಲೂ ನಿಪುಣರು. ಧ್ರುವಕ್ಕೆ ಮುನ್ನವೇ ಹಿಂದಿರುಗಿದ ಬಿಳಿಯ ಕಪ್ತಾನ ರಾಬರ್ಟ್ ಬಾರ್ಟ್ಲೆಟ್‌ಗೆ 1909ರಲ್ಲೇ ಹಬ್ಬರ್ಡ್ ಪದಕ ಬಂತು, ಹೆನ್ಸನ್‌ಗೆ ಬರಲಿಲ್ಲ. ಮೈಬಣ್ಣ ನೋಡಿ ಮನುಷ್ಯನ ಬೆಲೆ ಕಟ್ಟುತ್ತಿದ್ದ ಕಾಲವದು. ಮುಂದೆ ಹೆನ್ಸನ್ ನ್ಯೂಯಾರ್ಕಿನ ಸುಂಕದ ಕಚೇರಿಯಲ್ಲಿ ನೌಕರಿ ಮಾಡಿ ಬದುಕಿದರು.

1944ರಲ್ಲಿ ಅಮೆರಿಕದ ಸಂಸತ್ತು ಆ ಯಾತ್ರೆಯ ಸದಸ್ಯರಿಗೆಂದು ಪದಕ ಮಂಜೂರು ಮಾಡಿದಾಗ ಹೆನ್ಸನ್ ಹೆಸರೂ ಸೇರಿತು. ಅಷ್ಟರಲ್ಲಿ 35 ವರ್ಷಗಳು ಕಳೆದಿದ್ದವು. ನಾಲ್ವರು ಇನ್ಯೂಟರ ಹೆಸರು ಆಗಲೂ ಆ ಪಟ್ಟಿಯಲ್ಲಿರಲಿಲ್ಲ. 1955ರಲ್ಲಿ ಹೆನ್ಸನ್ ತೀರಿಕೊಂಡರು. 1988ರಲ್ಲಿ ಅವರ ಅವಶೇಷಗಳನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ, ಪಿಯರಿಯ ಸಮಾಧಿಯ ಸಮೀಪದಲ್ಲೇ ಮರುದಫನ ಮಾಡಲಾಯಿತು. ಹಬ್ಬರ್ಡ್ ಪದಕ ಸಂದದ್ದು 2000ದಲ್ಲಿ, ಮರಣಾನಂತರ.

ಪಿಯರಿ ನಿಜಕ್ಕೂ ಧ್ರುವಬಿಂದುವನ್ನೇ ತಲುಪಿದ್ದರೇ ಎಂಬ ಬಗ್ಗೆ ಸಂಶೋಧಕರಲ್ಲಿ ಅನುಮಾನವಿದೆ. ಹೆನ್ಸನ್ ಪಟ್ಟ ಶ್ರಮದ ಬಗ್ಗೆ ಯಾರಿಗೂ ಅನುಮಾನವಿಲ್ಲ.

ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬುದು ನಮ್ಮ ಪ್ರವಾದಿ(ಸ)ಯವರ ಬೋಧನೆ. ಗೌರವವೂ ಒಂದು ಕೂಲಿಯೇ ಅಲ್ಲವೇ? ನಾಳೆ ನಿಮ್ಮ ಕೊರಳಿಗೆ ಪದಕ ಬಿದ್ದರೆ, ಬೆಳಗಿನ ಜಾವವೆದ್ದು ಬುತ್ತಿ ಕಟ್ಟಿಕೊಟ್ಟ ಅಮ್ಮಿಯನ್ನು, ಲೆಕ್ಕ ಹೇಳಿಕೊಟ್ಟ ಗೆಳೆಯನನ್ನು ಅಲ್ಲೇ, ಆ ವೇದಿಕೆಯ ಮೇಲೆಯೇ ಹೆಸರು ಹೇಳಿ ನೆನೆಯಿರಿ.