ಎರಡಿಂಚು ಸ್ಪಂಜು, ಒಂದು ಟಾರ್ಚು

ಮೊನ್ನೆ ಶುಕ್ರವಾರ ಸಂಜೆ ಬೆಂಗಳೂರಿಂದ ಮೈಸೂರಿಗೆ ಹೊರಟಿದ್ದೆ. ಶುಕ್ರವಾರ ಸಂಜೆ, ಜನರಲ್ ಬೋಗಿ. ಅನುಭವ ಇದ್ದವರಿಗೆ ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದನ್ನು ವಿವರಿಸಬೇಕಿಲ್ಲ. ನನ್ನ ಒಂದು ಕಾಲು ಬಾಗಿಲ ಹತ್ತಿರ ಇತ್ತು. ಇನ್ನೊಂದು ಎಲ್ಲಿದೆ ಅಂತ ಕೆಂಗೇರಿ ದಾಟುವವರೆಗೆ ನನಗೇ ಗೊತ್ತಿರಲಿಲ್ಲ.

ಕೈಯಲ್ಲಿ ಹದಿನೈದು ದಿನದ ಹಿಂದೆ ತಗೊಂಡ ಹೊಸ ಫೋನು. ಯಾವ ಕಂಪನಿ ಅಂತ ಹೇಳಲ್ಲ ಬಿಡಿ. ಜಾಹೀರಾತಿನಲ್ಲಿ ಒಬ್ಬ ಹುಡುಗ ಅದನ್ನು ಹಿಡಿದು ಹಿಮಾಲಯ ಹತ್ತಿ ಇಳಿದು ಬಂದರೂ ಬ್ಯಾಟರಿ ಅರ್ಧ ಉಳಿದಿರುತ್ತೆ. ನನ್ನದು ಬಿಡದಿಯಲ್ಲಿ ಮೂವತ್ತು ಪರ್ಸೆಂಟು, ರಾಮನಗರದಲ್ಲಿ ಹನ್ನೊಂದು, ಚನ್ನಪಟ್ಟಣದ ಗೊಂಬೆಗಳು ನೆನಪಾಗುವ ಹೊತ್ತಿಗೆ ಕಣ್ಣು ಮುಚ್ಚಿತು. ತಮಾಷೆ ಏನಂದ್ರೆ ನನ್ನ ಟಿಕೆಟ್ಟೂ ಅದರೊಳಗೇ ಇತ್ತು!

ಪಕ್ಕದಲ್ಲಿ ನಿಂತಿದ್ದ ಮಂಡ್ಯ ಕಡೆಯ ಯಜಮಾನರೊಬ್ಬರು ನನ್ನ ಪೇಚಾಟ ನೋಡಿ ಕೇಳಿದರು: “ಏನಪ್ಪ, ಅಟ್ಟ್ ದೊಡ್ಡ ಫೋನ್ಗೆ ಇಟ್ಟೇ ಉಸ್ರಾ?”

ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಪುಟ್ಟ ಫೋನು, ರಬ್ಬರ್ ಬ್ಯಾಂಡ್ ಹಾಕಿದ್ದು. ಟಿಕೆಟ್ಟು ಅಂಗಿ ಜೇಬಿನಲ್ಲಿ, ಕಾಗದದ್ದು. “ಸೋಮಾರ ಚಾರ್ಜ್ ಹಾಕಿದ್ದು” ಅಂದರು.

ನ್ಯಾಯವಾಗಿ ಹೇಳಬೇಕಂದ್ರೆ ಇದರಲ್ಲಿ ಫೋನಿನದೊಂದೇ ತಪ್ಪಲ್ಲ. ಓಡುವ ರೈಲಿನಲ್ಲಿ ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಲೇ ಇರಬೇಕು. ಬೋಗಿಯ ಮೈ ಕಬ್ಬಿಣದ್ದು, ಸಿಗ್ನಲ್ಲನ್ನು ತಡೆಯುತ್ತೆ. ಸಿಗ್ನಲ್ ಕ್ಷೀಣವಾದಷ್ಟೂ ಟವರಿಗೆ ಕೇಳಿಸಲಿ ಅಂತ ಫೋನು ಜೋರಾಗಿ ಕೂಗಬೇಕು, ಅಂದರೆ ಹೆಚ್ಚು ಶಕ್ತಿ ಸುಡಬೇಕು. ಇಷ್ಟೂ ಕಂಪನಿಯವರಿಗೆ ಗೊತ್ತಿರುವುದೇ. ಆದರೂ ಜಾಹೀರಾತಿನ ಹುಡುಗ ಯಾವತ್ತೂ ಜನರಲ್ ಬೋಗಿ ಹತ್ತುವುದಿಲ್ಲ, ಗಮನಿಸಿದ್ದೀರಾ?

ಫೋನು ಸತ್ತ ಮೇಲೆ ಯೋಚನೆ ಮಾಡುವುದಕ್ಕೆ ಬೇಕಾದಷ್ಟು ಟೈಮ್ ಸಿಕ್ಕಿತು. ತಮಟೆ ಹೊಡೆದುಕೊಂಡು ಬಂದ ಎಷ್ಟು ವಸ್ತುಗಳು ನಿಜವಾಗಿ ಈ ಬೋಗಿಯವರೆಗೆ ಬಂದಿವೆ? ಬಂದು ಉಪಕಾರ ಮಾಡಿದವು ಯಾವುವು? ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಹೀಗಿದೆ ನೋಡಿ.

ಮೊದಲು ರೈಲಿನ ಕತೆ. ಅದಕ್ಕೂ ಆಡಂಬರ ಕಡಿಮೆ ಇರಲಿಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲು ಹೊರಟಾಗ 21 ತೋಪು ಹಾರಿಸಿದರು. 14 ಬೋಗಿ, ಸುಮಾರು 400 ಜನ ಅತಿಥಿಗಳು, 34 ಕಿಲೋಮೀಟರು. ನಮ್ಮ ಬೆಂಗಳೂರಿನ ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ರೈಲು ಬಂತು. ಮುಂಬಯಿ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಎರಡೂ 1871ರಲ್ಲಿ ನಮ್ಮ ರಾಯಚೂರಿನಲ್ಲಿ ಕೂಡಿದವು.

ಈ ದಾರಿಯ ಮೂರನೇ ಕ್ಲಾಸಿನಲ್ಲಿ ಕೂತವರ ಕತೆ ಏನು ಅಂತ ಬರೆದಿಟ್ಟವರು ಗಾಂಧೀಜಿ. ದಕ್ಷಿಣ ಆಫ್ರಿಕಾದಿಂದ 1915ರಲ್ಲಿ ವಾಪಸು ಬಂದ ಮೇಲೆ ಅವರು ಬೇಕೆಂದೇ ಮೂರನೇ ಕ್ಲಾಸಿನಲ್ಲಿ ಓಡಾಡಿದರು. 1917ರಲ್ಲಿ ಅದರ ಬಗ್ಗೆ ಬರೆದರು. ಮುಂಬಯಿಯಿಂದ ಮದ್ರಾಸಿಗೆ ಮೇಲ್ ರೈಲು, ಎರಡು ರಾತ್ರಿಯ ಪ್ರಯಾಣ. ಡಬ್ಬಿಯ ಮೇಲೆ 22 ಜನ ಅಂತ ಬರೆದಿತ್ತು, ಒಳಗೆ ಮೂವತ್ತೈದಕ್ಕೂ ಮೇಲೆ. ರಾಯಚೂರು ದಾಟಿದ ಮೇಲಂತೂ ನೂಕುನುಗ್ಗಲು ಸಹಿಸಲಾಗದಷ್ಟಾಯಿತಂತೆ. ಇಡೀ ಪ್ರಯಾಣದಲ್ಲಿ ಡಬ್ಬಿಯನ್ನು ಒಂದು ಸಲವೂ ಗುಡಿಸಿರಲಿಲ್ಲ. ಫಸ್ಟ್ ಕ್ಲಾಸಿನ ದರ ಥರ್ಡ್ ಕ್ಲಾಸಿನ ಐದು ಪಟ್ಟಿಗೂ ಜಾಸ್ತಿ. ಹಾಗಾದರೆ ಅಲ್ಲಿಯ ಸೌಕರ್ಯದಲ್ಲಿ ಐದರಲ್ಲೊಂದು, ಹೋಗಲಿ ಹತ್ತರಲ್ಲೊಂದು ಪಾಲಾದರೂ ಇಲ್ಲಿ ಸಿಗುತ್ತಿದೆಯೇ ಅಂತ ಅವರು ಕೇಳಿದ್ದರು. ನೂರು ವರ್ಷದ ಮೇಲಾಯಿತು. ಒಂದು ಶುಕ್ರವಾರ ಸಂಜೆ ಬನ್ನಿ, ಪ್ರಶ್ನೆ ಅಲ್ಲೇ ನಿಂತಿರುತ್ತೆ, ಒಂಟಿ ಕಾಲಲ್ಲಿ.

1974ರಲ್ಲಿ ಥರ್ಡ್ ಕ್ಲಾಸನ್ನು ತೆಗೆದುಹಾಕಿದರು. ಹೆಸರನ್ನು ಅಂತ ಅನ್ನಿ. ಮರದ ಹಲಗೆ ಮರದ ಹಲಗೆಯಾಗೇ ಉಳಿಯಿತು.

ಆಮೇಲೆ ಬಂದವರು ಮಧು ದಂಡವತೆ. 1977ರಿಂದ 1979ರವರೆಗೆ ರೈಲ್ವೆ ಮಂತ್ರಿ. ಅವರ ಕಾಲದಲ್ಲೇ, 1977ರ ಡಿಸೆಂಬರಿನಲ್ಲಿ, ಹೌರಾ ಮತ್ತು ಮುಂಬಯಿ ನಡುವೆ ಫಸ್ಟು ಸೆಕೆಂಡು ಭೇದ ಇಲ್ಲದ ಗೀತಾಂಜಲಿ ಎಕ್ಸ್‌ಪ್ರೆಸ್ ಹೊರಟಿತು. ಸೆಕೆಂಡ್ ಕ್ಲಾಸ್ ಸ್ಲೀಪರಿನ ಬರೀ ಹಲಗೆಗೆ ಎರಡಿಂಚು ಸ್ಪಂಜಿನ ಮೆತ್ತೆ ಬಂದದ್ದೂ ಅವರಿಂದಲೇ. ಎರಡೇ ಇಂಚು! ಅದಕ್ಕೆ ತೋಪು ಹಾರಿಸಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ಎಷ್ಟು ಕೋಟಿ ಬೆನ್ನುಗಳು ಆ ಮೆತ್ತೆಯ ಮೇಲೆ ಮಲಗಿ ಎದ್ದಿವೆಯೋ. ಮಲಗಿದವರಲ್ಲಿ ಹೆಚ್ಚಿನವರಿಗೆ ಅವರ ಹೆಸರೂ ಗೊತ್ತಿಲ್ಲ.

ಈಗ ಫೋನಿನ ಕತೆಗೆ ಬರೋಣ.

1995ರ ಜುಲೈ 31ರಂದು ಕೊಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಟೆಲಿಕಾಂ ಮಂತ್ರಿ ಸುಖರಾಮ್ ಅವರಿಗೆ ಮಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆಗ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು. ಕರೆ ಮಾಡಿದವನಷ್ಟೇ ಅಲ್ಲ, ಎತ್ತಿಕೊಂಡವನೂ ದುಡ್ಡು ಕೊಡಬೇಕು. ಜನರಲ್ ಬೋಗಿಯವನಿಗೆ ಅದು ಬೇರೆಯವರ ಸೊಂಟದಲ್ಲಿ ನೇತಾಡುವುದನ್ನು ನೋಡುವ ವಸ್ತು ಅಷ್ಟೇ.

ಇನ್ನೂ ದೊಡ್ಡ ತಮಟೆ 1998ರ ನವೆಂಬರಿನಲ್ಲಿ ಬಾರಿಸಿತು. ಇರಿಡಿಯಂ ಅಂತ ಉಪಗ್ರಹ ಫೋನು. ಭೂಮಿಯ ಸುತ್ತ 66 ಉಪಗ್ರಹ, ಸುಮಾರು 500 ಕೋಟಿ ಡಾಲರ್ ಖರ್ಚು, ಒಂದು ಫೋನಿಗೆ ಸುಮಾರು 3000 ಡಾಲರು. ಜಗತ್ತಿನ ಯಾವ ಮೂಲೆಯಿಂದ ಯಾವ ಮೂಲೆಗಾದರೂ ಮಾತಾಡಿ ಅಂದರು. ಸಣ್ಣದೊಂದು ಷರತ್ತಿತ್ತು... ತಲೆಯ ಮೇಲೆ ಬಯಲು ಆಕಾಶ ಇರಬೇಕು! ಕಟ್ಟಡದ ಒಳಗೆ ಹೋದರೆ ಆಗಲ್ಲ. ಅಂದರೆ ರೈಲಿನ ಛಾವಣಿ ಮೇಲೆ ಕೂತವನಿಗೆ ಸಿಗ್ನಲ್ಲು, ಒಳಗೆ ಕೂತವನಿಗೆ ಇಲ್ಲ. ಒಂಬತ್ತು ತಿಂಗಳು ತುಂಬಿದ ಸ್ವಲ್ಪದರಲ್ಲೇ, 1999ರ ಆಗಸ್ಟಿನಲ್ಲಿ, ಕಂಪನಿ ದಿವಾಳಿ ಅರ್ಜಿ ಹಾಕಿತು.

2003ನೇ ಇಸವಿ ಈ ಲೆಕ್ಕದಲ್ಲಿ ಬಹಳ ಮುಖ್ಯ. ಆ ಒಂದೇ ವರ್ಷದಲ್ಲಿ ನಾಲ್ಕು ವಿಷಯ ನಡೆದವು.

ಒಂದು, ರಿಲಯನ್ಸಿನವರು 501 ರೂಪಾಯಿ ಕೊಟ್ಟು ಫೋನ್ ತಗೊಂಡು ಹೋಗಿ ಅಂದರು. ಜಗತ್ತೇ ಮುಷ್ಟಿಯಲ್ಲಿ ಅಂತ ಘೋಷಣೆ. ಮಿಕ್ಕ ದುಡ್ಡು ತಿಂಗಳ ತಿಂಗಳ ಕಂತಿನಲ್ಲಿ ಬರುತ್ತೆ ಅನ್ನುವುದು ಬಹಳ ಜನಕ್ಕೆ ಬಿಲ್ಲು ಬಂದ ಮೇಲೇ ಹೊಳೆಯಿತು. ಎರಡು, ನೋಕಿಯಾದವರ ಎನ್-ಗೇಜ್. ಫೋನೂ ಹೌದು, ಆಟದ ಯಂತ್ರವೂ ಹೌದು. ಮಾತಾಡಬೇಕಾದರೆ ಅದರ ಅಂಚನ್ನು ಕೆನ್ನೆಗೆ ಹಿಡಿಯಬೇಕಿತ್ತು, ದೋಸೆ ಮಡಚಿ ಕಿವಿಗೆ ಇಟ್ಟುಕೊಂಡ ಹಾಗೆ. ಆಟ ಬದಲಾಯಿಸಲು ಬ್ಯಾಟರಿ ಬಿಚ್ಚಬೇಕು. ಜಗತ್ತೆಲ್ಲ ನಕ್ಕಿತು.

ಮೂರು, ಅದೇ ನೋಕಿಯಾದವರ 1100. ಇದಕ್ಕೂ ಜಾಹೀರಾತು ಇತ್ತು, ಇಲ್ಲ ಅಂತಲ್ಲ. ಆದರೆ ಹೇಳಿದ್ದು ಸಣ್ಣ ಮಾತು. ಧೂಳಿಗೆ ಕೆಡಲ್ಲ, ಕತ್ತಲಲ್ಲಿ ಟಾರ್ಚು ಇದೆ. ಹೇಳಿದಷ್ಟನ್ನು ಮಾಡಿತು. ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಕರೆಂಟು ಹೋದ ಹಳ್ಳಿಯಲ್ಲಿ, ರಾತ್ರಿ ನೀರು ಕಟ್ಟಲು ಹೋದ ಗದ್ದೆಯಲ್ಲಿ ಆ ಟಾರ್ಚಿನ ಬೆಲೆ ಏನು ಅಂತ ನಮ್ಮೂರಿನವರನ್ನು ಕೇಳಿ.

ನಾಲ್ಕನೆಯದು ವಸ್ತುವೇ ಅಲ್ಲ, ಒಂದು ನಿಯಮ. 2003ರ ಮೇ 1ರಿಂದ ಕರೆ ಮಾಡಿದವನೇ ದುಡ್ಡು ಕೊಡತಕ್ಕದ್ದು, ಬಂದ ಕರೆ ಪುಕ್ಕಟೆ. ಫೋನು ಎತ್ತಲು ಹೆದರುತ್ತಿದ್ದವನು ಧೈರ್ಯವಾಗಿ ಎತ್ತಿದ್ದು ಆವತ್ತಿನಿಂದ. ರೈಲು ಹತ್ತಿದೆ ಅಂದರೆ ಒಂದು ಮಿಸ್ಡ್ ಕಾಲ್, ಮುಟ್ಟಿದೆ ಅಂದರೆ ಎರಡು. ಮನೆಯಲ್ಲಿ ಅಮ್ಮ ನಿದ್ದೆ ಮಾಡಿದಳು. ಜಗತ್ತೇನೂ ಮುಷ್ಟಿಗೆ ಬರಲಿಲ್ಲ, ಮಗ ಕ್ಷೇಮವಾಗಿ ಮುಟ್ಟಿದ ಅನ್ನುವುದು ಗೊತ್ತಾಯಿತು. ಅಷ್ಟು ಸಾಕಿತ್ತು.

ಆಮೇಲಿನದು ನಿಮಗೆ ಗೊತ್ತಿರುವುದೇ. 2008ರ ಆಗಸ್ಟಿನಲ್ಲಿ ಐಫೋನ್ ಭಾರತಕ್ಕೆ ಬಂತು, 31 ಸಾವಿರ ರೂಪಾಯಿ. ಕಾಪಿ ಮಾಡಿ ಪೇಸ್ಟ್ ಮಾಡುವ ಸೌಲಭ್ಯ ಅದಕ್ಕೆ ಬಂದದ್ದು 2009ರಲ್ಲಿ. ಅದರದೇ ಕನ್ನಡ ಕೀಲಿಮಣೆಗೆ ನಾವು 2017ರವರೆಗೆ ಕಾಯಬೇಕಾಯಿತು. 2016ರಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನು ಅಂತ ನೋಯಿಡಾದ ಒಂದು ಕಂಪನಿ ಪತ್ರಿಕೆಗಳ ಮುಖಪುಟ ತುಂಬಿಸಿತು. ತೋರಿಸಿದ ಫೋನಿನ ಮೇಲೆ ಇನ್ನೊಂದು ಕಂಪನಿಯ ಹೆಸರಿಗೆ ಬಿಳಿ ಬಣ್ಣ ಹಚ್ಚಿದ್ದು ಕಾಣುತ್ತಿತ್ತು. ಆದರೂ ಏಳು ಕೋಟಿ ಜನ ಹೆಸರು ನೋಂದಾಯಿಸಿದ್ದಾರೆ ಅಂದರು ಕಂಪನಿಯವರು. ಮುಂದಿನ ವರ್ಷ ಅದರ ಸ್ಥಾಪಕ ಪೊಲೀಸರ ವಶವಾದ.

ಇವೆಲ್ಲ ನಕ್ಕು ಮರೆಯಬಹುದಾದ ಮಾತು. ಮರೆಯಲಾಗದ್ದು ಒಂದಿದೆ, ಅದು 2012ರದು.

ಆ ವರ್ಷ ಜುಲೈನಲ್ಲಿ ಅಸ್ಸಾಮಿನಲ್ಲಿ ಗಲಭೆಯಾಗಿತ್ತು. ಆಗಸ್ಟಿನಲ್ಲಿ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯದವರ ಫೋನಿಗೆ ಮೆಸೇಜುಗಳು ಬರತೊಡಗಿದವು. ರಂಜಾನ್ ಮುಗಿಯುವಷ್ಟರಲ್ಲಿ ನಿಮ್ಮ ಮೇಲೆ ದಾಳಿ ಆಗುತ್ತೆ, ಊರು ಬಿಡಿ ಅಂತ. ಆಗಸ್ಟ್ 15ರ ಸಂಜೆಯಿಂದ ಸಿಟಿ ರೈಲ್ವೆ ಸ್ಟೇಷನ್ನು ತುಂಬಿಹೋಯಿತು. ಸೆಕ್ಯುರಿಟಿ ಗಾರ್ಡುಗಳು, ಹೋಟೆಲ್ ಹುಡುಗರು, ಬ್ಯೂಟಿ ಪಾರ್ಲರಿನ ಹುಡುಗಿಯರು, ಕಾಲೇಜಿನ ಮಕ್ಕಳು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ನಿಮಗೇನೂ ಆಗಲ್ಲ, ಹೋಗಬೇಡಿ ಅಂತ ಮಂತ್ರಿಗಳೇ ಪ್ಲಾಟ್‌ಫಾರಂಗೆ ಬಂದು ಕೇಳಿಕೊಂಡರು. ಕೆಲವೇ ದಿನದಲ್ಲಿ ಸಾವಿರ ಸಾವಿರ ಜನ ಹೋದರು. ಸುಮಾರು ಮೂರು ಸಾವಿರ ಕಿಲೋಮೀಟರು, ಕಾಲಿಡಲು ಜಾಗ ಇಲ್ಲದ ಬೋಗಿಗಳಲ್ಲಿ. ಆಗಸ್ಟ್ 17ರಂದು ಕೇಂದ್ರ ಸರಕಾರ ಹದಿನೈದು ದಿನದ ಮಟ್ಟಿಗೆ ಸಾಮೂಹಿಕ ಎಸ್ಸೆಮ್ಮೆಸ್ಸು ನಿಲ್ಲಿಸಿತು. ಒಬ್ಬರು ದಿನಕ್ಕೆ ಐದೇ ಮೆಸೇಜು ಕಳಿಸಬಹುದು ಅಂದಿತು, ಆಮೇಲೆ ಅದನ್ನು ಇಪ್ಪತ್ತಕ್ಕೆ ಏರಿಸಿತು.

ಆ ಚಿತ್ರಗಳನ್ನು ಟೀವಿಯಲ್ಲಿ ನೋಡುತ್ತಾ ಕೂತಿದ್ದು ನೆನಪಿದೆ. ಕಿಟಕಿಯ ಸರಳಿನ ಹಿಂದೆ ಒಬ್ಬೊಬ್ಬರ ಕೈಯಲ್ಲೂ ಫೋನು. ನಮ್ಮನ್ನು ಹತ್ತಿರ ತರುತ್ತೆ ಅಂದಿದ್ದ ವಸ್ತು ಅದು. ನಮ್ಮ ಪಕ್ಕದ ಬೀದಿಯಲ್ಲೇ ಇದ್ದವರನ್ನು ನಮ್ಮಿಂದಲೇ ಓಡಿಸಿತು. ಸುಳ್ಳು ಯಾವ ಅಡ್ಡಿಯೂ ಇಲ್ಲದೆ ಮುಟ್ಟಿತು, ಆದರೆ ಹೆದರಬೇಡಿ ಅನ್ನುವ ಮಾತು ಮುಟ್ಟಲಿಲ್ಲ. ಅವರನ್ನು ಹೊತ್ತುಕೊಂಡು ಹೋದದ್ದು ಮಾತ್ರ ಅದೇ ಹಳೆಯ ರೈಲು. ಎಷ್ಟು ಜನ ಅಂತ ಗೊಣಗದೆ.

ಈಗ ಫೋನು, ರೈಲು ಎರಡೂ ಒಂದಾಗಿವೆ. 2002ರಲ್ಲಿ ಇಂಟರ್ನೆಟ್ಟಿನಲ್ಲಿ ರಿಸರ್ವೇಶನ್ ಶುರುವಾಯಿತು. 2014ರ ಕೊನೆಗೆ ಮುಂಬಯಿ ಲೋಕಲ್ಲಿನಲ್ಲಿ ಜನರಲ್ ಟಿಕೆಟ್ಟೂ ಮೊಬೈಲಿಗೆ ಬಂತು. 2025ರ ಜುಲೈಯಿಂದ ಆನ್‌ಲೈನಿನಲ್ಲಿ ತತ್ಕಾಲ್ ಬೇಕೆಂದರೆ ಆಧಾರ್ ಬೇಕು. ಕೌಂಟರಿನ ಮುಂದಿನ ಕ್ಯೂ ಕರಗಿತು, ಒಪ್ಪುತ್ತೇನೆ. ಆದರೆ ಆ ಕ್ಯೂ ಎಲ್ಲಿಗೆ ಹೋಯಿತು? ಬೋಗಿಯ ಒಳಗೆ! ಮುಂಬಯಿ ಲೋಕಲ್ಲಿನಲ್ಲಿ ಪೀಕ್ ಅವರಿನಲ್ಲಿ ಒಂದು ಚದರ ಮೀಟರಿಗೆ 14ರಿಂದ 16 ಜನ ನಿಲ್ಲುತ್ತಾರೆ. 2025ರ ಜೂನ್ 9ರಂದು ಮುಂಬ್ರಾ ಬಳಿ ಬಾಗಿಲಿಗೆ ಜೋತು ಬಿದ್ದು ಹೊರಟಿದ್ದವರು ಕೆಳಗೆ ಬಿದ್ದು ಸತ್ತರು. ಅವರ ಜೇಬಿನಲ್ಲೂ ಒಳ್ಳೊಳ್ಳೆ ಫೋನುಗಳೇ ಇದ್ದಿರಬೇಕು. ಟಿಕೆಟ್ ತೆಗೆಯುವುದನ್ನು ಸುಲಭ ಮಾಡಿದ ಮೇಲೆ ಕಾಲಿಡುವ ಜಾಗವನ್ನೂ ಕೊಡಬೇಕಲ್ಲ ಸ್ವಾಮಿ? ಆಪು ಎಷ್ಟು ಮಾಡಿದರೂ ಬೋಗಿ ಬೆಳೆಯುವುದಿಲ್ಲ.

ಅಂದ ಹಾಗೆ ನನ್ನ ಪ್ರಯಾಣದ ಕತೆ ಅರ್ಧಕ್ಕೆ ನಿಂತಿತು. ಆ ರಶ್ಶಿನಲ್ಲಿ ಟಿಕೆಟ್ ಕೇಳುವವರು ಒಳಗೆ ಬರಲು ಸಾಧ್ಯವೇ ಇರಲಿಲ್ಲ. ಮಂಡ್ಯದಲ್ಲಿ ಯಜಮಾನರು ಇಳಿಯುವಾಗ ನನ್ನ ಒಂದು ಚಪ್ಪಲಿ ಸೀಟಿನ ಅಡಿಗೆ ಸೇರಿತ್ತು. ಅವರೇ ಆ ಪುಟ್ಟ ಫೋನಿನ ಟಾರ್ಚು ಹಾಕಿ ಹುಡುಕಿಕೊಟ್ಟರು. “ಉಸಾರಪ್ಪ” ಅಂತ ಹೇಳಿ ಇಳಿದುಹೋದರು.

ಮೈಸೂರಿನ ಗೇಟಿನಲ್ಲಿ ಸಿಕ್ಕಿಬಿದ್ದೆ. ಸತ್ತ ಫೋನು ತೋರಿಸಿದರೆ ಟಿಕೆಟ್ ತೋರಿಸಿದ ಹಾಗಾಗುತ್ತದೆಯೇ? ದಂಡ 250 ರೂಪಾಯಿ, ಜೊತೆಗೆ ಟಿಕೆಟ್ಟಿನ ದುಡ್ಡು.

ಇನ್ನೊಂದು ರೂಪಾಯಿ ಸೇರಿಸಿದ್ದರೆ 2016ರಲ್ಲಿ ಒಂದು ಸ್ಮಾರ್ಟ್‌ಫೋನೇ ಬರಬೇಕಿತ್ತಂತೆ!